ಮನೆ ಮುಂದಿನ ಹೂಕೋಸು

ಆ ಮನೆಯ ಮುಂದೆ ಬೆಳೆದದ್ದು ಆ ಮನೆಯ ಒಳಗೆ ಬರುತ್ತಿರಲಿಲ್ಲ. ಮುಂದೆ ರಸ್ತೆಯವರೆಗೂ ಹೂಕೋಸಿನ ಹೊಲ; ಹಿಂದೆ, ಬಟ್ಟೆ ಒಗೆಯುವ ಕಲ್ಲಿನಿಂದ ಬೇಲಿಯವರೆಗೆ ಒಂದು ಕೈತೋಟ. ಮುಂದಿನದು ಪೇಟೆಗೆ, ಹಿಂದಿನದು ಹೊಟ್ಟೆಗೆ. ಕೊಯ್ಯುವ ಚಾಕು ಬೇರೆ, ಬುಟ್ಟಿ ಬೇರೆ, ಕೈ ತೊಳೆಯುವ ಸೋಪು ಕೂಡ ಬೇರೆ. ಇಂಥದ್ದೊಂದು ನಿಯಮ ಯಾವತ್ತು ಯಾರು ಮಾಡಿದರು ಎಂದು ಕೇಳಿದರೆ ಹೇಳುವವರಿಲ್ಲ, ಆದರೆ ಮುರಿದವರೂ ಇಲ್ಲ.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಮುಂದಿನ ಹೊಲದಿಂದ ಬೆಳ್ಳಗಿನ ಒಂದು ಹೂಕೋಸನ್ನು ಕೊಯ್ದು ಅಡುಗೆಮನೆಗೆ ತಂದಿದ್ದಳು. ಅತ್ತೆ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಹೊರಗಿಟ್ಟು, "ಅದು ಮಾರೋದಕ್ಕೆ ಕಣಮ್ಮ" ಎಂದಷ್ಟೇ ಹೇಳಿದಳು. ಇವರೆಂಥ ಜಿಪುಣರಪ್ಪಾ ಎಂದುಕೊಂಡಳು ಸೊಸೆ. ಆಮೇಲೊಂದು ಸಂಜೆ ಮಾವ ಬೆನ್ನಿಗೆ ಪಂಪು ಏರಿಸಿಕೊಂಡು, ಮೂಗಿಗೆ ಬಟ್ಟೆ ಸುತ್ತಿಕೊಂಡು ಅದೇ ಹೂಕೋಸುಗಳಿಗೆ ಔಷಧಿ ಹೊಡೆಯುವುದನ್ನು ಕಿಟಕಿಯಿಂದ ನೋಡಿದ ಮೇಲೆ ಅವಳಿಗೆ ಸಂಗತಿ ತಿಳಿಯಿತು. ಎರಡು ದಿನ ಬಿಟ್ಟು ಆ ಸಾಲುಗಳೇ ಗಾಡಿ ಹತ್ತಿ ಪೇಟೆಗೆ ಹೋದವು. ತಿಳಿದದ್ದನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಅತ್ತೆಗೆ ಸುತ್ತಲಿನವರು ಇಟ್ಟ ಹೆಸರು ಗಂಟಮ್ಮ. ಹೂಕೋಸು ಮೊಟ್ಟೆಯ ಗಾತ್ರಕ್ಕೆ ಬಂದಾಗ ಬಿಸಿಲು ತಾಗಿ ಹಳದಿಯಾಗದಂತೆ, ಅದರ ಎಲೆಗಳನ್ನೇ ಮೇಲಕ್ಕೆತ್ತಿ ತಲೆಯ ಮೇಲೆ ಮುಚ್ಚಿ ಕಟ್ಟಬೇಕು. ಬೇರೆಯವರು ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಇಲ್ಲವೇ ಸೆಣಬಿನ ಸುತಲಿ ಸುತ್ತುತ್ತಾರೆ. ಗಂಟಮ್ಮ ಹಳೆಯ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು ಕಟ್ಟುತ್ತಿದ್ದಳು. ಅವಳ ಗಂಟು ಎಂಥ ಗಾಳಿಗೂ ಜಗ್ಗದು. ತುದಿ ಹಿಡಿದು ಎಳೆದರೆ ಮಾತ್ರ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವುದು. ಕೊಯ್ದ ಮೇಲೂ ಪಟ್ಟಿ ಹಾಗೇ ಇರುತ್ತಿತ್ತು, ದಾರಿಯಲ್ಲಿ ಹೂ ಉಜ್ಜಿಹೋಗಬಾರದಲ್ಲ. ಆ ವರ್ಷ ಹರಿದದ್ದು ನೀಲಿ ಹೂವಿನ ಒಂದು ಹೊದಿಕೆ. ಮಗಳು ಚಿಕ್ಕವಳಿದ್ದಾಗ ಜ್ವರ ಬಂದರೆ ಅದೇ ಬೇಕೆಂದು ಹಟ ಹಿಡಿಯುತ್ತಿದ್ದಳು. ಹರಿಯುವಾಗ ಗಂಟಮ್ಮನಿಗೆ ಕೈ ಬಂದಿರಲಿಲ್ಲ. ಆದರೆ ಮಗಳು ಮದುವೆಯಾಗಿ ಪೇಟೆ ಸೇರಿದ್ದಳು, ಹೊದಿಕೆ ಪೆಟ್ಟಿಗೆಯಲ್ಲಿ ನುಸಿ ತಿನ್ನುತ್ತಿತ್ತು.

ಆ ಮಗಳು ಒಂದು ಭಾನುವಾರ ಬಂದಳು. ಐದು ತಿಂಗಳ ಬಸುರಿ, ಕೆನ್ನೆ ತುಂಬಿಕೊಂಡಿತ್ತು. ಚಪ್ಪಲಿ ಬಿಡುವ ಮುಂಚೆಯೇ ಚೀಲದಿಂದ ಒಂದು ಪುಟ್ಟ ಕಟ್ಟು ತೆಗೆದು ಅಮ್ಮನ ಮಡಿಲಿಗೆ ಹಾಕಿದಳು. ಒಂದು ಹಿಡಿ ಬಟ್ಟೆಪಟ್ಟಿಗಳು. ಒಗೆದು, ಇಸ್ತ್ರಿ ಮಾಡಿ, ಮಡಚಿಟ್ಟ ನೀಲಿ ಹೂವಿನ ಪಟ್ಟಿಗಳು.

"ತಗೋ, ಮತ್ತೆ ಕಟ್ಟೋಕೆ ಆಗುತ್ತೆ. ಬಿಸಾಕೋಕೆ ಮನಸ್ಸು ಬರಲಿಲ್ಲ."

"ಇವೆಲ್ಲಾ ನಿನ್ನ ಹತ್ತಿರ ಹೇಗೆ ಬಂದ್ವೇ?"

"ನಮ್ಮ ಬೀದಿ ತುದೀಲಿ ತರಕಾರಿ ಅಂಗಡಿ ಇದೆಯಲ್ಲ, ಅಣ್ಣ ಮಾಲು ಹಾಕೋದು ಅಲ್ಲಿಗೂ ಹೋಗುತ್ತೆ. ನಾನು ಬುಟ್ಟಿಯೆಲ್ಲಾ ತಡಕಾಡಿ ನಮ್ಮ ಪಟ್ಟಿ ಇರೋದನ್ನೇ ತಗೊಳ್ಳೋದು. ಬೇರೆಯವರದ್ದು ಮುಟ್ಟೋದೂ ಇಲ್ಲ. ಡಾಕ್ಟರು ತರಕಾರಿ ಚೆನ್ನಾಗಿ ತಿನ್ನು ಅಂದಿದ್ದಾರೆ. ತಿಂದರೆ ಅಪ್ಪ ಬೆಳೆದದ್ದೇ ತಿನ್ನಬೇಕು, ಅಲ್ವಾ?"

ಗಂಟಮ್ಮ ಮಡಿಲಲ್ಲಿದ್ದ ಪಟ್ಟಿಗಳನ್ನು ನೋಡಿದಳು. ಒಂದೊಂದು ಪಟ್ಟಿಗೂ ಒಂದೊಂದು ಹೂಕೋಸು. ಮಗಳ ಮುಖ ಹೆಮ್ಮೆಯಿಂದ ಅರಳಿತ್ತು. ಆ ಮುಖಕ್ಕೆ ಏನೆಂದು ಹೇಳುವುದು? ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ ಎಂದು ಹೇಳಿ ಒಳಗೆ ಹೋದಳು. ನೀರಿಗೆಂದು ಹೋದವಳು ಬರಿಗೈಲಿ ಬಂದಳು.

ಮಧ್ಯಾಹ್ನದ ಊಟಕ್ಕೆ ಹಿತ್ತಲಿನ ಹೂಕೋಸನ್ನೇ ಹುರಿದಿದ್ದರು. ಅವು ಸಣ್ಣವು, ಅಲ್ಲಲ್ಲಿ ಹುಳ ಕೊರೆದ ಗುರುತು, ಬಣ್ಣವೂ ಅಷ್ಟಕ್ಕಷ್ಟೇ. ಮುಂದಿನದು ಮಾರೋದಕ್ಕೆ ಎಂದಷ್ಟೇ ಕೇಳಿ ಬೆಳೆದ ಮಗಳು ತಟ್ಟೆ ನೋಡಿ ನಕ್ಕಳು. ಚೆನ್ನಾಗಿರೋದನ್ನೆಲ್ಲಾ ನಮಗೆ ಕಳಿಸಿ ನೀವು ಮಾತ್ರ ಹುಳುಕು ತಿನ್ನುತ್ತೀರಿ, ಅಪ್ಪನಿಗೆ ಗಿರಾಕಿಗಳ ಮೇಲೆ ಎಷ್ಟು ಪ್ರೀತಿ ಎಂದು ಛೇಡಿಸಿದಳು. ಯಜಮಾನರು ತಲೆಯೆತ್ತಲಿಲ್ಲ. ಮಗ ನೀರಿನ ಲೋಟಕ್ಕೆ ಕೈ ಹಾಕಿದ. ಸೊಸೆ ಬಡಿಸುವ ಚಮಚ ಹಿಡಿದು ನಿಂತವಳು ಏನೋ ಹೇಳಲು ಬಾಯಿ ತೆರೆದಳು. ಗಂಟಮ್ಮ ಕಣ್ಣಲ್ಲೇ ಸುಮ್ಮನಾಗಿಸಿದಳು. ಮಗಳೊಬ್ಬಳೇ ಹೊಟ್ಟೆ ತುಂಬ ಉಂಡು, ಸಂಜೆಯ ಬಸ್ಸಿಗೆ ಹೊರಟುಹೋದಳು.

ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನೇ ಸೊಸೆ ಕಾಯುತ್ತಿದ್ದಳೇನೋ. "ಅತ್ತೆ, ಹೇಳಿಬಿಡಬೇಕಿತ್ತು" ಎಂದಳು.

"ಏನಂತ ಹೇಳಲಿ? ನಿಮ್ಮಪ್ಪ ಬೆಳೆದದ್ದನ್ನ ತಿನ್ನಬೇಡ ಅಂತಲಾ?"

"ಹೌದು, ಅಂತಲೇ."

ಗಂಟಮ್ಮ ಮುಂದಿನ ಹೊಲದ ಕಡೆ ನೋಡಿದಳು. ಮದುವೆಯಾದ ಮೊದಲ ವರ್ಷ ತಾನೂ ಗಂಡನೂ ಕಲ್ಲು ಆಯ್ದು ಮಾಡಿದ ಹೊಲ ಅದು. ಅದರ ಹೂಕೋಸಿನಿಂದಲೇ ಮಕ್ಕಳು ಓದಿದ್ದು, ಮಗಳ ಮದುವೆಯಾದದ್ದು. ಅಪ್ಪನ ಬೆಳೆ ಎಂದು ಪೇಟೆಯಲ್ಲಿ ಬುಟ್ಟಿ ತಡಕುವ ಮಗಳಿಗೆ ಈ ಮಾತು ಹೇಳಿದರೆ ಗಂಡನ ಮುಖಕ್ಕೆ ಮಸಿ ಬಳಿದ ಹಾಗೆ. ಹೇಳದೆ ಇದ್ದರೆ ಮೊಮ್ಮಗುವಿನ ಗತಿ? ಎರಡರ ನಡುವೆ ಅವಳಿಗೆ ಅನ್ನ ಸೇರದಾಯಿತು.

ರಾತ್ರಿ ಊಟದ ಹೊತ್ತಿಗೆ ಅವಳೇ ಮಾತು ತೆಗೆದಳು. ಯಜಮಾನರು ಸಿಡುಕಲಿಲ್ಲ. ಎಲ್ಲರೂ ಹೊಡೆಯುತ್ತಾರೆ, ನಾನೂ ಹೊಡೆಯುತ್ತೇನೆ. ಒಂದು ತೂತು ಕಂಡರೆ ಅಂಗಡಿಯವರು ಕ್ರೇಟಿನ ಸಮೇತ ವಾಪಸ್ಸು ಕಳಿಸುತ್ತಾರೆ. ತೊಳೆದು ಬೇಯಿಸಿದರೆ ಏನೂ ಆಗುವುದಿಲ್ಲ ಎಂದು ಸಮಾಧಾನದಲ್ಲೇ ಹೇಳಿದರು. ಮಗನೂ ದನಿಗೂಡಿಸಿದ. ಮಾತೆಲ್ಲ ಮುಗಿದ ಮೇಲೆ ಸೊಸೆ, ತೊಳೆದು ಬೇಯಿಸಿದರೆ ಏನೂ ಆಗುವುದಿಲ್ಲ ಅಂದಮೇಲೆ ನಾಳೆ ಮುಂದಿನದನ್ನೇ ತಂದು ಬೇಯಿಸಲಾ ಮಾವ, ಎಂದು ತಣ್ಣಗೆ ಕೇಳಿದಳು. ಯಜಮಾನರು ತಟ್ಟೆಯಲ್ಲಿ ಕೈ ತೊಳೆದು ಎದ್ದರು. ಗಂಟಮ್ಮನಿಗೆ ಸೊಸೆಯ ಬಾಯಿ ಉದ್ದವಾಯಿತು ಅನ್ನಿಸಿತು. ತಾನು ಕೇಳಬೇಕಾದದ್ದನ್ನು ಇವಳು ಕೇಳಿದಳಲ್ಲ ಎಂದೂ ಅನ್ನಿಸಿತು.

ಮೊದಲು ಅವಳು ಹಿಡಿದದ್ದು ಸುಲಭದ ದಾರಿ. ಹಿತ್ತಲಿನ ಹೂಕೋಸುಗಳಲ್ಲೇ ಚೆನ್ನಾಗಿರುವುದನ್ನು ಆರಿಸಿ, ಅವಕ್ಕೂ ನೀಲಿ ಪಟ್ಟಿ ಕಟ್ಟಿ, ಮಾಲಿನ ಗಾಡಿಯಲ್ಲಿ ಮಗನ ಕೈಲಿ ಮಗಳ ಮನೆಗೆ ಕಳಿಸತೊಡಗಿದಳು. ಅಕ್ಕಪಕ್ಕದವರು ಕೇಳಿದರೆ ಮಗಳು ಅಮ್ಮ ಕಳಿಸಿದ್ದು ಅನ್ನಲಿ, ಅಂಗಡಿಗೆ ಹೋಗುವುದೇ ತಪ್ಪಲಿ. ಹಾಗೆ ಕಳಿಸಿದ ದಿನ ಅವಳಿಗೆ ನಿದ್ದೆ ಚೆನ್ನಾಗಿ ಬಂತು. ಆದರೆ ಮಗಳು ಜಾಣೆ. ವಾರ ಕಳೆದು ಫೋನಿನಲ್ಲಿ, ಅಮ್ಮಾ ಹುಳುಕನ್ನ ಯಾಕೆ ಕಳಿಸ್ತೀಯ, ನಮ್ಮತ್ತೆ ನೋಡಿ ನಗ್ತಾರೆ, ಮೇಲಿನ ಮನೆಯವರಿಗೆ ಕೊಟ್ಟುಬಿಟ್ಟೆ. ನಾನು ಅಂಗಡಿಯಿಂದಲೇ ತಂದೆ, ನಮ್ಮದೇ, ಎಷ್ಟು ಬೆಳ್ಳಗಿತ್ತು ಗೊತ್ತಾ ಎಂದಳು. ಮೇಲಿನ ಮನೆಯವರ ಅದೃಷ್ಟ ಖುಲಾಯಿಸಿತ್ತು. ಗಂಟಮ್ಮ ಫೋನು ಇಟ್ಟು ಹಣೆ ಒತ್ತಿಕೊಂಡಳು.

ಮರುದಿನ ಬೆಳಿಗ್ಗೆ ಮುಂದಿನ ಹೊಲದಲ್ಲಿ ಒಂದು ಪಾತಿ ಎಲೆ ಕಟ್ಟುವ ಹದಕ್ಕೆ ಬಂದಿತ್ತು. ಯಜಮಾನರು ಎಂದಿನಂತೆ ಪಟ್ಟಿಗಳ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಕರೆದರು. ಗಂಟಮ್ಮ ಹೊರಗೆ ಬಂದು ಬುಟ್ಟಿಯನ್ನು ಎತ್ತಿ ಒಳಗಿಟ್ಟಳು.

"ನಾನು ಕಟ್ಟೋದಿಲ್ಲ ರೀ."

"ಕೈ ನೋವಾ?"

"ಕೈ ಚೆನ್ನಾಗಿದೆ. ನನ್ನ ಮಗಳು ಆ ಪಟ್ಟಿ ನೋಡಿ ತಗೊಳ್ತಾಳೆ. ನಾನೇ ಗುರುತು ಕಟ್ಟಿ, ಇದನ್ನ ತಿನ್ನು ಅಂತ ಅವಳಿಗೆ ತೋರಿಸಿದ ಹಾಗಾಗುತ್ತೆ. ಇನ್ಮೇಲೆ ನನ್ನ ಕೈಲಾಗಲ್ಲ."

ಜೋರು ಮಾಡಲಿಲ್ಲ, ಅಳಲಿಲ್ಲ. ಹಿತ್ತಲಿಗೆ ಹೋಗಿ ಕಳೆ ಕೀಳತೊಡಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಒಂದು ಕೆಲಸ ಮಾಡುವುದಿಲ್ಲ ಎಂದದ್ದನ್ನು ಯಜಮಾನರು ಕೇಳಿರಲಿಲ್ಲ. ಸೊಸೆಯ ಕಡೆ ನೋಡಿದರು. ಸೊಸೆ ಹೊಲಿಗೆಯಂತ್ರದ ಮುಂದೆ ಕೂತು ತನಗೆ ಇವತ್ತೇ ಕೊಡಬೇಕಾದ ರವಿಕೆ ಇದೆ ಎಂದಳು. ಆ ರವಿಕೆಯನ್ನು ಅವಳು ಹಿಂದಿನ ದಿನವೇ ಕೊಟ್ಟಾಗಿತ್ತು.

ಯಜಮಾನರು ಸುತಲಿಯ ಉಂಡೆ ಹಿಡಿದು ತಾವೇ ಹೋದರು. ಪಂಪು ಹೊರುವ ಹೆಗಲಿಗೆ ಬಗ್ಗಿ ಎಲೆ ಕಟ್ಟುವ ಸೂಕ್ಷ್ಮ ಎಲ್ಲಿಂದ ಬರಬೇಕು? ಬಿಗಿ ಮಾಡಿದರೆ ಎಲೆ ಮುರಿಯಿತು, ಸಡಿಲ ಬಿಟ್ಟರೆ ಗಾಳಿಗೆ ಬಿಚ್ಚಿಕೊಂಡಿತು. ಸಂಜೆ ಸೊಂಟ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತವರಿಗೆ ಗಂಟಮ್ಮ ಬಿಸಿನೀರು ಕಾಯಿಸಿ ಕೊಟ್ಟಳು, ಬೆನ್ನಿಗೆ ಎಣ್ಣೆಯನ್ನೂ ತಿಕ್ಕಿದಳು. ಪಟ್ಟಿಯ ಬುಟ್ಟಿಯನ್ನು ಮಾತ್ರ ಹೊರಗೆ ತರಲಿಲ್ಲ. ಅರ್ಧಕ್ಕರ್ಧ ಹೂಗಳು ಹಳದಿ ತಿರುಗಿದವು. ಮಗ ಪೇಟೆಯಿಂದ ಮುಖ ಊದಿಸಿಕೊಂಡು ಬಂದು, ನಿಮ್ಮಿಬ್ಬರ ಜಗಳದಲ್ಲಿ ಅಂಗಡಿಯವನ ಹತ್ತಿರ ಬೈಸಿಕೊಳ್ಳುವವನು ನಾನು ಎಂದು ಗೊಣಗಿದ.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಗಳ ಫೋನು ಬಂತು. ಗಂಟಮ್ಮನ ಕೈ ಹಿಟ್ಟಾಗಿತ್ತು. ಸೊಸೆ ಫೋನನ್ನು ಸ್ಪೀಕರಿಗೆ ಹಾಕಿ ಮಣೆಯ ಮೇಲಿಟ್ಟಳು.

"ಅಮ್ಮಾ, ಅಪ್ಪ ಹೂಕೋಸು ಬಿಟ್ಟುಬಿಟ್ರಾ? ಎರಡು ವಾರದಿಂದ ನಮ್ಮ ಪಟ್ಟಿ ಇರೋದು ಒಂದೂ ಸಿಗ್ತಾ ಇಲ್ಲ. ಎಲ್ಲಾ ಸುತಲಿ, ರಬ್ಬರು. ಇನ್ನೇನು ಮಾಡೋದು, ಬೇರೆ ಯಾರದ್ದೋ ತಗೊಂಡು ತಿಂದೆ."

ಗಂಟಮ್ಮ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. ಪಟ್ಟಿ ಕಟ್ಟದಿದ್ದರೆ ಮಗಳು ತಿನ್ನುವುದಿಲ್ಲ ಎಂದುಕೊಂಡಿದ್ದಳು. ತಿನ್ನುವುದನ್ನು ಅವಳು ಯಾಕೆ ಬಿಡುತ್ತಾಳೆ? ಯಾರದ್ದೋ ಮನೆಯ ಮುಂದಿನದನ್ನು ತಂದು ತಿಂದಿದ್ದಾಳೆ. ಆ ಯಾರದ್ದೋ ಮನೆಯಲ್ಲೂ ಹಿತ್ತಲು ಇದ್ದೇ ಇರುತ್ತದೆ. ಇವರು ಸುತಲಿ ಕಟ್ಟಿ ಕಳಿಸಿದ್ದನ್ನು ಅಷ್ಟೇ ನಂಬಿಕೆಯಿಂದ ಯಾರ ಮನೆಯ ಬಸುರಿ ಬುಟ್ಟಿಗೆ ಹಾಕಿಕೊಂಡಳೋ. ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ತಾನು ಒಬ್ಬ ಮಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಯಜಮಾನರು ಎಡಗೈಯಿಂದ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮಗಳೇ, ನಾನು. ಸ್ವಲ್ಪ ದಿನ ಹೂಕೋಸು ತಿನ್ನಬೇಡ. ಅಂಗಡೀದು ಯಾರದ್ದೂ ಬೇಡ. ಅಮ್ಮ ಕಳಿಸಿದ ಹುಳುಕು ತಿನ್ನು."

"ಯಾಕಪ್ಪಾ? ನಮ್ಮದು ಬಂದರೂ ಬೇಡ್ವಾ?"

"ನಮ್ಮದೂ ಬೇಡ. ಅದನ್ನ ನಾವೇ ತಿನ್ನಲ್ಲ ಕಣೇ."

ಆ ಕಡೆಯಿಂದ "ಸರಿ ಅಪ್ಪ" ಎಂದಳು ಮಗಳು, ಚಿಕ್ಕಂದಿನಲ್ಲಿ ಬೈಸಿಕೊಂಡಾಗ ಹೇಳುತ್ತಿದ್ದ ದನಿಯಲ್ಲಿ. ಬೈಸಿಕೊಳ್ಳಬೇಕಾದವರು ತಾವು ಎನ್ನುವುದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಅದಾದ ಮೇಲೆ ಯಜಮಾನರು ಹಿತ್ತಲಿನ ಕಡೆ ಸುಳಿದಾಡತೊಡಗಿದರು. ಮೊದಲ ದಿನ ಬಕೆಟ್ಟು ಹುಡುಕಲು, ಎರಡನೆಯ ದಿನ ಹಗ್ಗ ಹುಡುಕಲು, ಮೂರನೆಯ ದಿನ ಹುಡುಕಲು ಏನೂ ಹೊಳೆಯದೆ ಸುಮ್ಮನೆ ಬಂದು ಕುಕ್ಕರುಗಾಲಲ್ಲಿ ಕೂತರು. ಎಲೆ ಮಗುಚಿ ಅಡಿಯನ್ನು ನೋಡಿದರು. ಬೇಲಿಯ ಉದ್ದಕ್ಕೆ ಗಂಟಮ್ಮ ಸೊಪ್ಪಿಗೆಂದು ಹಾಕಿದ್ದ ಸಾಸಿವೆ ಜರಡಿಯಾಗಿತ್ತು.

"ಹುಳ ಎಲ್ಲಾ ಸಾಸಿವೆ ಮೇಲೇ ಇದೆಯಲ್ಲೇ" ಎಂದರು.

"ಅವಕ್ಕೂ ಅದೇ ರುಚಿ. ನಿಮಗೆ ಇವತ್ತು ಕಾಣಿಸ್ತಾ?"

"ಮೊದಲೇ ಹೇಳಬಾರದಿತ್ತಾ?"

"ನೀವು ಈ ಕಡೆ ಬಂದಿದ್ದು ಯಾವಾಗ?" ಎಂದು ಗಂಟಮ್ಮ ನಕ್ಕಳು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕರು.

ರಸ್ತೆಯ ಪಕ್ಕದ ಪಾತಿಗೆ ಹೊಸ ಸಸಿ ನೆಡುವ ಕಾಲವಾಗಿತ್ತು. ಈ ಸಲ ಸಸಿಗಿಂತ ಮುಂಚೆ ಸುತ್ತಲೂ ಸಾಸಿವೆ ಬಿತ್ತಿದರು. ಕೊಟ್ಟಿಗೆಯ ಗೊಬ್ಬರವನ್ನು ಹಿತ್ತಲಿಗೆ ಸುರಿಯುವ ಬದಲು ಮುಂದಕ್ಕೂ ಹೊತ್ತರು. ಅದರ ಭಾರ ಮಗನ ಹೆಗಲಿಗೆ ಬಿತ್ತು. ಬೆಳಿಗ್ಗೆ ಚಹಾ ಆದಮೇಲೆ ಯಜಮಾನರು ಸಾಲಿನಲ್ಲಿ ನಡೆದು ಎಲೆಯಡಿ ನೋಡಿ ಬರುವುದು ರೂಢಿಯಾಯಿತು. ವಾರ ಬಂತೆಂದು ಪಂಪು ಹೊರುತ್ತಿದ್ದವರು ಈಗ ಹುಳ ಕಂಡಿತೇ, ಎಲ್ಲಿ, ಎಷ್ಟು ಎಂದು ನೋಡಿದರು. ಕಂಡದ್ದನ್ನು ಕೈಯಲ್ಲೇ ಆಯ್ದು ಸೋಪಿನ ನೀರಿನ ಡಬ್ಬಕ್ಕೆ ಹಾಕಿದರು. ನಿಂತಿದ್ದ ಹಳೆಯ ಬೆಳೆಗೆ ಕೊಯ್ಲಿಗೆ ಮುಂಚಿನ ಕೊನೆಯ ಔಷಧಿ ಹೊಡೆಯುವುದನ್ನು ಬಿಟ್ಟೇಬಿಟ್ಟರು.

ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ಯಾರೂ ನಂಬಲಾರರು. ಮಧ್ಯೆ ಒಮ್ಮೆ ಮೋಡ ಕವಿದು ಪಾತಿಯ ಒಂದು ಮೂಲೆಗೆ ಹುಳ ಮುತ್ತಿ, ಎರಡು ದಿನದಲ್ಲಿ ಎಲೆಯ ನರ ಮಾತ್ರ ಉಳಿಯಿತು. ಯಜಮಾನರು ಸಿಟ್ಟಿನಲ್ಲಿ ಪಂಪು ಏರಿಸಿಕೊಂಡರು. ಗಂಟಮ್ಮ ಅಡ್ಡ ನಿಲ್ಲಲಿಲ್ಲ. ಮೂಲೆಗೆ ಹೊಡೆಯಿರಿ, ಇಡೀ ಪಾತಿಗೆ ಬೇಡ ಎಂದಳು. ಸೊಸೆ ಔಷಧಿಯ ಡಬ್ಬಿ ಇಸಿದುಕೊಂಡು, ಅದರ ಮೇಲಿನ ಇರುವೆಯಂಥ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿ, ಹೊಡೆದ ಮೇಲೆ ಕೊಯ್ಯಲು ಇಷ್ಟು ದಿನ ಕಾಯಬೇಕಂತೆ ಮಾವ ಎಂದಳು. ಅದು ಇವರು ಕಾಯುತ್ತಿದ್ದುದರ ಎಷ್ಟೋ ಪಟ್ಟು. ಅಷ್ಟು ವರ್ಷ ಆ ಡಬ್ಬಿಗಳು ಮನೆಗೆ ಬಂದಿದ್ದವು, ಅಕ್ಷರ ಬಲ್ಲವರೂ ಮನೆಯಲ್ಲಿದ್ದರು, ಓದಿದವರಿರಲಿಲ್ಲ. ಆ ಮೂಲೆಯ ಹೂಗಳು ಕಾದೂ ಕಾದೂ ಅರಳಿ ಚದುರಿಹೋದವು. ಅವನ್ನು ಗುಂಡಿ ತೋಡಿ ಹೂತರು. ಮಗ ಊಟ ಬಿಟ್ಟು ಮಲಗಿದ. ಮಾರನೆಯ ದಿನ ಹಸಿವಾಗಿ ಎರಡು ಪಾಲು ಉಂಡ.

ಉಳಿದ ಪಾತಿ ಎಲೆ ಕಟ್ಟುವ ಹದಕ್ಕೆ ಬಂದ ಬೆಳಿಗ್ಗೆ ಯಜಮಾನರು ಜಗಲಿಯಲ್ಲಿ ಸುತಲಿಯ ಉಂಡೆ ಕೈಯಲ್ಲಿ ಹಿಡಿದು ಕೂತಿದ್ದರು. ಕರೆಯಲಿಲ್ಲ, ಕೇಳಲಿಲ್ಲ. ಗಂಟಮ್ಮ ಒಳಗಿನಿಂದ ಪಟ್ಟಿಯ ಬುಟ್ಟಿ ತಂದು ಅವರ ಪಕ್ಕದಲ್ಲಿಟ್ಟು, ಸೆರಗು ಸಿಕ್ಕಿಸಿ ಹೊಲಕ್ಕೆ ಇಳಿದಳು. ಹಿಂದಿನಿಂದ ಸೊಸೆಯೂ ಬಂದಳು. ಅವತ್ತು ಅವಳಿಗೆ ಯಾವ ರವಿಕೆಯ ಅವಸರವೂ ಇರಲಿಲ್ಲ.

ಕೊಯ್ಲಿನ ಹಿಂದಿನ ಸಂಜೆ ಗಂಟಮ್ಮ ಒಲೆಯ ಮುಂದೆ ಇದ್ದಳು. ಯಜಮಾನರು ಒಳಗೆ ಬಂದರು. ಕಾಲು ತೊಳೆದಿರಲಿಲ್ಲ, ಮಣ್ಣಿನ ಹೆಜ್ಜೆ ಬಾಗಿಲಿನಿಂದಲೂ ಬಿದ್ದಿತ್ತು. ಬಯ್ಯಲು ತಿರುಗಿದವಳು ಅವರ ಕೈ ನೋಡಿ ಸುಮ್ಮನಾದಳು. ನೀಲಿ ಪಟ್ಟಿ ಕಟ್ಟಿದ ಒಂದು ಹೂಕೋಸು. ರಸ್ತೆ ಪಕ್ಕದ ಪಾತಿಯದು.

"ಇದನ್ನ ಬೇಯಿಸು" ಎಂದರು.

"ಮುಂದಿನದಾ?"

"ಮುಂದಿನದೇ. ನಾಳೆ ಪೇಟೆಗೆ ಹೋಗೋದು. ಮೊದಲು ನಾವು ತಿನ್ನೋಣ."

ಸೊಸೆ ಹೊಲಿಗೆ ನಿಲ್ಲಿಸಿ ಬಂದಳು. ಮಗನೂ ಬಾಗಿಲಲ್ಲಿ ನಿಂತ. ಗಂಟಮ್ಮ ತುದಿ ಹಿಡಿದು ಎಳೆದಳು, ಗಂಟು ಬಿಚ್ಚಿತು, ಎಲೆಗಳು ಸರಿದವು. ಹಾಲಿನಷ್ಟು ಬಿಳುಪಿಲ್ಲ, ತೀರ ಹಳದಿಯೂ ಅಲ್ಲ. ಅಡುಗೆಮನೆಯ ಚಾಕುವಿನಲ್ಲಿ ಅವಳು ಅದನ್ನು ಎರಡು ಹೋಳು ಮಾಡಿದಳು. ಮಧ್ಯದಿಂದ ಒಂದು ಹಸಿರು ಹುಳ ತೆವಳಿಕೊಂಡು ಹೊರಬಂತು. ಎಲ್ಲರೂ ಬಗ್ಗಿ ನೋಡಿದರು.

"ಬದುಕಿದೆ" ಎಂದ ಮಗ.

"ಬದುಕಿದೆಯಪ್ಪಾ" ಎಂದರು ಯಜಮಾನರು. ಅವರ ದನಿಯಲ್ಲಿ ನೆಮ್ಮದಿ ಇತ್ತು.

ಅದನ್ನು ಎಲೆಯ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬಂದದ್ದು ಸೊಸೆ. ಹುರಿದ ಹೂಕೋಸನ್ನು ಗಂಟಮ್ಮ ನಾಲ್ಕು ತಟ್ಟೆಗೂ ಹಾಕಿದಳು. ಯಜಮಾನರು ಮೊದಲ ತುತ್ತನ್ನು ಬಾಯಿಗಿಟ್ಟು ನಿಧಾನಕ್ಕೆ ಅಗಿದರು. ತಾವೇ ಬೆಳೆದು, ತಾವೇ ಮಾರಿ, ತಾವೇ ತಿನ್ನದೆ ಬಿಟ್ಟದ್ದರ ರುಚಿ ಅವರು ಅಂದೇ ನೋಡುತ್ತಿದ್ದುದು.

"ಹೇಗಿದೆ ರೀ?"

"ಉಪ್ಪು ಕಡಿಮೆ" ಎಂದು ತಟ್ಟೆ ಮುಂದೆ ಮಾಡಿದರು. "ಇನ್ನೂ ಸ್ವಲ್ಪ ಹಾಕು."

ಬೆಳಿಗ್ಗೆ ಗಾಡಿ ತುಂಬಿತು. ಅಂಗಡಿಯವನು ತೂತು ಎಣಿಸುತ್ತಾನೆ, ಬೆಲೆ ಇಳಿಸುತ್ತಾನೆ, ಒಂದೆರಡು ಕ್ರೇಟು ವಾಪಸ್ಸು ಬಂದರೂ ಬರಬಹುದು ಎಂದು ಮಗ ಹೇಳುತ್ತಲೇ ಗಾಡಿ ಹತ್ತಿದ. ವಾಪಸ್ಸು ಬಂದದ್ದನ್ನು ಮನೆಗೇ ತಾ, ತಿನ್ನುವುದಕ್ಕೆ ನಾವಿದ್ದೇವೆ ಎಂದರು ಯಜಮಾನರು. ಆಮೇಲೆ ಜಗಲಿಯಲ್ಲಿ ಕೂತು, ಕೊಂಚ ತಡೆದು, ಪೇಟೆಯ ಮಗಳಿಗೆ ಫೋನು ಮಾಡಿದರು.

ಅವರು ಏನು ಹೇಳಿದರೆಂದು ಗಂಟಮ್ಮನಿಗೆ ಕೇಳಿಸಲಿಲ್ಲ. ಅವಳು ಹಿಂದಿನ ಸಂಜೆ ಬಿಚ್ಚಿದ್ದ ಆ ಒಂದು ಪಟ್ಟಿಯನ್ನು ಒಗೆದು, ಹಿಂಡಿ, ತಂತಿಯ ಮೇಲೆ ಹರವುತ್ತಿದ್ದಳು. ಅದು ಒಣಗಿದ ಮೇಲೆ ಮಡಚಿ, ಮಗಳು ತಂದುಕೊಟ್ಟಿದ್ದ ಕಟ್ಟಿನಲ್ಲಿ ಸೇರಿಸಿಟ್ಟಳು.